ಪೌಂಡ್ ಅಂದರೆ ಯಾವ ಪೌಂಡ್?

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಬಲದ ಅಳತೆ. ಪೌಂಡಿನಲ್ಲಿ ಕೊಟ್ಟಿದ್ದನ್ನು ನ್ಯೂಟನ್‌ಗೆ, ನ್ಯೂಟನ್ನಿನಲ್ಲಿ ಕೊಟ್ಟಿದ್ದನ್ನು ಪೌಂಡಿಗೆ ಬದಲಿಸುವುದು. ಫೋನಿನಲ್ಲೇ ಕ್ಯಾಲ್ಕುಲೇಟರ್ ಇದೆ, ಇದಕ್ಕೊಂದು ಉಪನ್ಯಾಸ ಬೇಕಾ ಅಂತ ನಿಮಗೆ ಅನಿಸಿರಬಹುದು. ಗುಣಾಕಾರ ಫೋನೇ ಮಾಡುತ್ತದೆ, ನಿಜ. ಆದರೆ ನಿಮ್ಮ ಕಾಗದದ ಮೇಲಿರುವುದು ಯಾವ ಪೌಂಡ್ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಎಡವಟ್ಟಾಗುವುದು ಅಲ್ಲೇ.

ಪೌಂಡ್ ಅನ್ನುವ ಹೆಸರು ಒಂದೇ, ಅದು ಮಾಡುವ ಕೆಲಸ ಎರಡು. ಒಂದು ಕಡೆ ಅದು ದ್ರವ್ಯರಾಶಿಯನ್ನು, ಅಂದರೆ ವಸ್ತುವಿನಲ್ಲಿ ಎಷ್ಟು ಸರಕಿದೆ ಅನ್ನುವುದನ್ನು ಹೇಳುತ್ತದೆ. ಇನ್ನೊಂದು ಕಡೆ ಆ ಸರಕನ್ನು ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವುದನ್ನು ಹೇಳುತ್ತದೆ. ಈ ಎರಡನೆಯದಕ್ಕೆ ಪೌಂಡ್-ಫೋರ್ಸ್ ಅನ್ನಬೇಕು. ಬರೆಯುವವರು ಮಾತ್ರ ‘ಫೋರ್ಸ್’ ಅನ್ನುವುದನ್ನು ನುಂಗಿಬಿಡುತ್ತಾರೆ. ಮೆಟ್ರಿಕ್ ಬಳಸುವ ನಾವೇನೂ ಸಾಚಾ ಅಲ್ಲ. ಹಳೆಯ ಯಂತ್ರಗಳ ಕೈಪಿಡಿ ತೆರೆದರೆ ಕಿಲೋಗ್ರಾಂ-ಫೋರ್ಸ್ ಸಿಗುತ್ತದೆ. ಅದು 9.80665 ನ್ಯೂಟನ್. ಅಲ್ಲೂ ಸುಮ್ನೆ ‘ಕಿಲೋ’ ಅಂತ ಗೀಚಿರುವುದೇ ಜಾಸ್ತಿ.

ಈ ಗೊಂದಲ ನ್ಯೂಟನ್‌ಗೆ ಇಲ್ಲ. ಒಂದು ಕಿಲೋಗ್ರಾಂ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಷ್ಟು ಏರುತ್ತಾ ಹೋಗಬೇಕಾದರೆ ಎಷ್ಟು ಬಲ ಬೇಕೋ ಅದೇ ಒಂದು ನ್ಯೂಟನ್. ಅದರಲ್ಲಿ ಭೂಮಿಯ ಸುದ್ದಿಯೇ ಇಲ್ಲ. 1948ರಲ್ಲಿ ಈ ಹೆಸರನ್ನು ಅಧಿಕೃತವಾಗಿ ಒಪ್ಪಿಕೊಂಡರು. ಕೈಗೆ ಅಂದಾಜು ಬೇಕಿದ್ದರೆ, 102 ಗ್ರಾಂ ತೂಗುವ ಪೊಟ್ಟಣ ಅಂಗೈಯನ್ನು ಒತ್ತುವಷ್ಟು.

ಈಗ ಮುಖ್ಯ ಸಂಖ್ಯೆಗೆ ಬರೋಣ. ಒಂದು ಪೌಂಡ್-ಫೋರ್ಸ್ ಅಂದರೆ 4.448 ನ್ಯೂಟನ್. ಇದನ್ನು ಯಾರೂ ತಕ್ಕಡಿಯಲ್ಲಿಟ್ಟು ಅಳೆದು ಕಂಡುಹಿಡಿದಿದ್ದಲ್ಲ. ಎರಡು ಒಪ್ಪಂದಗಳನ್ನು ಗುಣಿಸಿದರೆ ಬರುವ ಉತ್ತರ ಇದು. 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಗುರುತ್ವದ ಬೆಲೆಯನ್ನು, ಅಂದರೆ ಕೆಳಗೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಎಷ್ಟು ಮೀಟರಿನಷ್ಟು ಏರುತ್ತದೆ ಅನ್ನುವುದನ್ನು, 9.80665 ಎಂದು ಗೊತ್ತುಮಾಡಿತು. 1959ರಲ್ಲಿ ಅಮೆರಿಕ, ಬ್ರಿಟನ್ ಮತ್ತಿತರ ದೇಶಗಳು ಒಂದು ಪೌಂಡ್ ಅಂದರೆ 0.45359237 ಕಿಲೋಗ್ರಾಂ ಎಂದು ಒಪ್ಪಿಕೊಂಡವು. ಎರಡನ್ನೂ ಗುಣಿಸಿ ನೋಡಿ, 4.4482216152605 ಬರುತ್ತದೆ. ಬಾಲ ಉದ್ದವೇ, ಆದರೆ ಅದು ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆ. ಗುರುತ್ವ ಸಮಭಾಜಕದ ಹತ್ತಿರ 9.78, ಧ್ರುವದ ಹತ್ತಿರ 9.83 ಅಲ್ವಾ, ಹಾಗಾದರೆ ಜಾಗ ಬದಲಾದರೆ ಈ 4.448 ಕೂಡ ಬದಲಾಗಬೇಕಲ್ಲ ಅಂತ. ಇಲ್ಲ. ವಸ್ತುವಿನ ತೂಕ ಬದಲಾಗುತ್ತದೆ, ಪೌಂಡ್-ಫೋರ್ಸ್ ಬದಲಾಗುವುದಿಲ್ಲ. ಚಂದ್ರನ ಮೇಲೆ ನಿಂತು ಲೆಕ್ಕ ಹಾಕಿದರೂ 4.448 ಅನ್ನೇ ಹಾಕಬೇಕು.

ತಲೆಯಲ್ಲೇ ಲೆಕ್ಕ ಮಾಡುವವರಿಗೆ ಎರಡು ಉಪಾಯ ಹೇಳುತ್ತೇನೆ. ನ್ಯೂಟನ್ನಿನಿಂದ ಪೌಂಡಿಗೆ ಬರಬೇಕಾ? ನಾಲ್ಕರಿಂದ ಭಾಗಿಸಿ, ಬಂದಿದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. 1000 ನ್ಯೂಟನ್‌ಗೆ 250, ಅದರಲ್ಲಿ 25 ಕಳೆದರೆ 225. ನಿಜವಾದ ಉತ್ತರ 224.8. ನನಗಂತೂ ಇಷ್ಟು ಸಾಕು. ಪೌಂಡಿನಿಂದ ನ್ಯೂಟನ್‌ಗೆ ಹೋಗುವಾಗ ನಾಲ್ಕೂವರೆಯಿಂದ ಗುಣಿಸಿ, ನೂರಕ್ಕೆ ಒಂದು ಕಳೆಯಿರಿ. 200 ಪೌಂಡಿಗೆ 900, ಒಂಬತ್ತು ಕಳೆದರೆ 891. ಕ್ಯಾಲ್ಕುಲೇಟರ್ 889.644323 ಅನ್ನುತ್ತದೆ. ದಯವಿಟ್ಟು ಅಷ್ಟನ್ನೂ ವರದಿಯಲ್ಲಿ ಬರೆಯಬೇಡಿ. 200 ಅಂತ ಉರುಟಾಗಿ ಅಳೆದವರಿಗೆ 890 ಸಾಲದೇ?

ಕಟ್ಟಡದ ಎಂಜಿನಿಯರುಗಳ ‘ಕಿಪ್’ ಅಂದರೆ ಸಾವಿರ ಪೌಂಡ್-ಫೋರ್ಸ್, 4.448 ಕಿಲೋನ್ಯೂಟನ್. ಅದು ಸುಲಭ. ಟನ್ ಕಂಡರೆ ಮಾತ್ರ ಎಚ್ಚರ. ಅಮೆರಿಕದ ಟನ್ 2000 ಪೌಂಡ್, ಬ್ರಿಟನ್ನಿನ ಹಳೆಯ ಟನ್ 2240 ಪೌಂಡ್, ಮೆಟ್ರಿಕ್ ಟನ್ 1000 ಕಿಲೋಗ್ರಾಂ. ಬಲವಾಗಿ ಲೆಕ್ಕ ಹಾಕಿದರೆ ಕ್ರಮವಾಗಿ 8.90, 9.96, 9.81 ಕಿಲೋನ್ಯೂಟನ್. ಬರೀ ‘10 ಟನ್’ ಅಂತ ಬರೆದಿದ್ದರೆ ಯಾವ ಟನ್ ಅಂತ ಕೇಳದೆ ಮುಂದೆ ಹೋಗಬಾರದು.

ಕೇಳದೆ ಹೋದರೆ ಏನಾಗುತ್ತದೆ? ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1998ರ ಡಿಸೆಂಬರಿನಲ್ಲಿ ಮಂಗಳದ ಕಡೆ ಹೊರಟಿತು. ದಾರಿಯಲ್ಲಿ ಆಗಾಗ ಅದರ ಚಿಕ್ಕ ರಾಕೆಟ್‌ಗಳನ್ನು ಒಂದಿಷ್ಟು ಹೊತ್ತು ಉರಿಸುತ್ತಿದ್ದರು. ಪ್ರತಿ ಸಲವೂ ನೌಕೆಗೆ ಎಷ್ಟು ತಳ್ಳು ಬಿತ್ತು ಅನ್ನುವುದನ್ನು ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡಿನಲ್ಲಿ, ಅಂದರೆ ಬಲವನ್ನು ಅದು ತಳ್ಳಿದ ಸೆಕೆಂಡುಗಳಿಂದ ಗುಣಿಸಿದ ಅಳತೆಯಲ್ಲಿ, ಕೊಡುತ್ತಿತ್ತು. ದಾರಿಯ ಲೆಕ್ಕ ಹಾಕುತ್ತಿದ್ದವರು ಅದನ್ನು ನ್ಯೂಟನ್ ಸೆಕೆಂಡ್ ಅಂದುಕೊಂಡರು. ಅಂದರೆ ಪ್ರತಿ ತಳ್ಳೂ ಅವರ ಲೆಕ್ಕದಲ್ಲಿ ನಾಲ್ಕೂವರೆ ಪಟ್ಟು ಕಡಿಮೆ. ಒಂದೊಂದೂ ಚಿಕ್ಕ ತಳ್ಳೇ. ಆದರೆ ಒಂಬತ್ತು ತಿಂಗಳ ಪ್ರಯಾಣದಲ್ಲಿ ತಪ್ಪು ಗುಡ್ಡೆಯಾಯಿತು. 1999ರ ಸೆಪ್ಟೆಂಬರ್ 23ರಂದು ಮಂಗಳದಿಂದ ಸುಮಾರು 226 ಕಿಲೋಮೀಟರ್ ಮೇಲೆ ಹಾದುಹೋಗಬೇಕಿದ್ದ ನೌಕೆ 57 ಕಿಲೋಮೀಟರಿಗೆ ಇಳಿದಿತ್ತು. ಆಮೇಲೆ ಅದರ ಸದ್ದೇ ಇಲ್ಲ. ಗುಣಾಕಾರದಲ್ಲಿ ಯಾರೂ ತಪ್ಪಿರಲಿಲ್ಲ. ಗುಣಿಸಬೇಕು ಅನ್ನುವುದೇ ಗೊತ್ತಾಗಿರಲಿಲ್ಲ.

ಕೊನೆಗೆ ಟಾರ್ಕ್, ಅಂದರೆ ತಿರುಚುವ ಬಲ. ಒಂದು ಫುಟ್-ಪೌಂಡ್ ಅಂದರೆ 1.356 ನ್ಯೂಟನ್-ಮೀಟರ್. ನಮ್ಮ 4.448ನ್ನು ಅಡಿಯ 0.3048 ಮೀಟರಿನಿಂದ ಗುಣಿಸಿದರೆ ಸಿಗುವುದು ಇದೇ. ಟಾರ್ಕ್ ರೆಂಚ್ ಅಂದರೆ ನಾವು ಹೊಂದಿಸಿದಷ್ಟು ಬಿಗಿಯಾದ ಕೂಡಲೇ ‘ಟಕ್’ ಅನ್ನುವ ಸ್ಪ್ಯಾನರ್. ಅದರ ಮೇಲೆ ಎರಡು ಸಾಲು ಅಂಕಿಗಳು ಅಕ್ಕಪಕ್ಕ ಇರುತ್ತವೆ. ಒಮ್ಮೆ ನಾನು 25 ನ್ಯೂಟನ್-ಮೀಟರ್ ಹಾಕಬೇಕಿತ್ತು. ಪಕ್ಕದ ಸಾಲಿನ 25ಕ್ಕೆ ಹೊಂದಿಸಿಬಿಟ್ಟೆ. ಅದು ಸುಮಾರು 34 ನ್ಯೂಟನ್-ಮೀಟರ್. ಮೇಲಿಂದ ಬೋಲ್ಟಿನ ಎಳೆಗೆ ಎಣ್ಣೆ ಬೇರೆ ಹಚ್ಚಿದ್ದೆ. ರೆಂಚ್ ‘ಟಕ್’ ಅನ್ನುವ ಮೊದಲೇ ಬೋಲ್ಟ್ ‘ಟಕ್’ ಅಂತು.

ಅದರ ತಲೆಯನ್ನು ಇವತ್ತು ತಂದಿದ್ದೇನೆ. ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ನೋಡಿ. ಹೋಗುವಾಗ ನನಗೆ ವಾಪಸ್ ಕೊಡಿ.