ನೀಲಿ ತಾಡಪತ್ರಿ, ಹಸಿರು ಬಲೆ, ಎರಡೇ ಟ್ಯೂಬು

ನಮಸ್ಕಾರ. ಇವತ್ತು ಸ್ವಲ್ಪ ಜಗಳ ತೆಗೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಜಲವರ್ಣ ಕಲಿಸುವವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ. ಟ್ಯೂಬಿನ ಹಸಿರನ್ನು ಹಾಗೇ ಹಚ್ಚಬೇಡಿ, ನೀಲಿಗೆ ಹಳದಿ ಬೆರೆಸಿ ನಿಮ್ಮ ಹಸಿರನ್ನು ನೀವೇ ಮಾಡಿಕೊಳ್ಳಿ. ಮರ, ಗದ್ದೆ, ಗುಡ್ಡ ಬರೆಯುವವರಿಗೆ ಇದು ಸರಿಯೇ. ಥಾಲೋ ಅನ್ನುವ, ಕಾರ್ಖಾನೆಯಲ್ಲಿ ತಯಾರಾಗುವ ಗಾಢ ಹಸಿರನ್ನು ನೇರವಾಗಿ ಎಲೆಗೆ ಬಳಿದರೆ ಅದು ಪ್ಲಾಸ್ಟಿಕ್ ಎಲೆಯ ಹಾಗೆ ಕಾಣುತ್ತದೆ. ಆದರೆ ನಾನು ಎಲೆ ಬರೆಯುತ್ತಲೇ ಇಲ್ಲವಲ್ಲ! ಅಂಗೈಯಗಲದ ಕಾಗದ, ಒಂದು ನೀಲಿ, ಒಂದು ಹಸಿರು, ಸರಸರ ಮುಗಿಯುವ ಅಮೂರ್ತ ಸ್ಕೆಚ್. ಅದಕ್ಕೆ ಈ ನಿಯಮ ಯಾಕೆ?

ಇನ್ನೊಂದು ವಿಷಯ. ನಾವಿರುವುದು ಮುಂಬೈನಲ್ಲಿ. ಜುಲೈ ತಿಂಗಳಲ್ಲಿ ಲೋಕಲ್ ರೈಲಿನ ಕಿಟಕಿಯಿಂದ ಸಯನ್, ಕುರ್ಲಾ ಕಡೆ ಕಣ್ಣು ಹಾಯಿಸಿ. ಚಾವಣಿಗಳ ಮೇಲೆಲ್ಲ ನೀಲಿ ತಾಡಪತ್ರಿ. ರಿಡೆವಲಪ್‌ಮೆಂಟ್ ನಡೆಯುವ ಕಟ್ಟಡಗಳಿಗೆ ಮೇಲಿಂದ ಕೆಳಗಿನವರೆಗೆ ಹಸಿರು ಬಲೆ. ಥಾಲೋ ಕುಟುಂಬದ ಬಣ್ಣಗಳು ಚಿತ್ರಕಾರರಿಗಷ್ಟೇ ಇರುವುದಲ್ಲ, ಪ್ಲಾಸ್ಟಿಕ್‌ಗೂ ಮುದ್ರಣದ ಶಾಯಿಗೂ ಧಾರಾಳವಾಗಿ ಬಳಕೆಯಾಗುತ್ತವೆ. ಹಾಗಿರುವಾಗ ಈ ಊರಿನ ಮಳೆಗಾಲವನ್ನು ಪೇಪರಿಗೆ ಇಳಿಸುವಾಗ ಥಾಲೋ ಹಸಿರು ಕೃತಕ ಅನ್ನುವುದು ತಮಾಷೆಯಾಗಿದೆ, ಅಲ್ವಾ?

ಈಗ ನೀಲಿಗೆ ಬರೋಣ. ಹೆಚ್ಚಿನವರು ಅಂಗಡಿಯಲ್ಲಿ ಟ್ಯೂಬಿನ ಮೇಲಿನ ಬಣ್ಣ ನೋಡಿ ಆರಿಸುತ್ತಾರೆ. ನಾನು ಆರಿಸುವುದು ಅದು ನೀರಿನಲ್ಲಿ ಹೇಗೆ ಓಡಾಡುತ್ತದೆ ಅನ್ನುವುದನ್ನು ನೋಡಿ. ನನ್ನ ನೀಲಿ ಅಲ್ಟ್ರಾಮರೀನ್. ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ಲ್ಯಾಪಿಸ್ ಕಲ್ಲು ಅರೆದು ತೆಗೆಯುತ್ತಿದ್ದ, ಚಿನ್ನದಂಥ ಬೆಲೆಯ ಬಣ್ಣ. 1820ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಅದನ್ನು ಕಾರ್ಖಾನೆಯಲ್ಲಿ ಮಾಡುವುದು ಗೊತ್ತಾಯಿತು, ಬೆಲೆ ಇಳಿಯಿತು. ಎಷ್ಟು ಇಳಿಯಿತೆಂದರೆ, ಬಿಳಿ ಬಟ್ಟೆಗೆ ಹಾಕುವ ಪುಡಿ ನೀಲಿಯಾಗಿ ನಮ್ಮ ಬಚ್ಚಲುಮನೆಗೂ ಬಂತು. ಆ ನೀಲಿಯನ್ನು ಬಕೆಟ್‌ನಲ್ಲಿ ಸರಿಯಾಗಿ ಕದಡದೆ ಬಿಟ್ಟರೆ ಪುಡಿ ತಳಕ್ಕಿಳಿದು ಅಂಗಿಯ ಮೇಲೆ ಮಚ್ಚೆ ಮಚ್ಚೆಯಾಗಿ ಕೂರುತ್ತಿತ್ತು, ನೆನಪಿದೆಯಾ? ಪೇಪರ್ ಮೇಲೆ ನಡೆಯುವುದೂ ಅದೇ. ಕಾಗದದ ಸಣ್ಣ ಸಣ್ಣ ಗುಳಿಗಳಲ್ಲಿ ನೀಲಿಯ ಕಣಗಳು ಕೂತುಬಿಡುತ್ತವೆ. ಬಟ್ಟೆಯಲ್ಲಿ ಬೈಸಿಕೊಂಡ ಗುಣಕ್ಕೆ ಇಲ್ಲಿ ಚಪ್ಪಾಳೆ.

ಥಾಲೋ ಹಸಿರಿನ ಸ್ವಭಾವ ಬೇರೆ. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದದ್ದು, ಕಣ ತುಂಬಾ ನುಣುಪು. ಒದ್ದೆ ಕಾಗದ ಸಿಕ್ಕರೆ ಓಡುತ್ತದೆ. ಒಮ್ಮೆ ಕಚ್ಚಿಕೊಂಡರೆ ತೊಳೆದರೂ ಪೂರ್ತಿ ಹೋಗುವುದಿಲ್ಲ.

ಈಗ ಇವೆರಡನ್ನು ಜೊತೆಗೆ ಬಿಡಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಟನ್ ಕಾಗದ ಇದ್ದರೆ ಒಳ್ಳೆಯದು. ಅರ್ಧ ಭಾಗಕ್ಕೆ ಬರೀ ನೀರು ಸವರಿ. ಮೇಲಿಂದ ದಪ್ಪಗೆ ನೀಲಿ. ಅದರ ಅಂಚಿಗೆ ಕುಂಚದ ತುದಿಯಿಂದ ಒಂದೇ ಒಂದು ಚುಕ್ಕೆ ಹಸಿರು ಮುಟ್ಟಿಸಿ, ಕಾಗದ ವಾಲಿಸಿ. ಹಸಿರು ನೀಲಿಯೊಳಗೆ ನುಗ್ಗುತ್ತದೆ. ನೀಲಿ ನಿಧಾನವಾಗಿ ಕೆಳಗೆ ಕೂರುತ್ತದೆ. ಒಣಗಿದ ಮೇಲೆ ಹತ್ತಿರ ಹಿಡಿದು ನೋಡಿದರೆ ಹಸಿರು ನೆಲದ ಮೇಲೆ ನೀಲಿ ಮರಳು ಕಾಣುತ್ತದೆ. ನೀಲಿಯೂ ಥಾಲೋ ಆಗಿದ್ದರೆ ಈ ಮರಳು ಸಿಗುವುದಿಲ್ಲ, ಎರಡೂ ಸೇರಿ ಒಂದೇ ನುಣ್ಣನೆಯ ಬಣ್ಣವಾಗುತ್ತದೆ.

ಇಲ್ಲಿನ ಮಳೆಗಾಲವೂ ಕೈಜೋಡಿಸುತ್ತದೆ. ಬಟ್ಟೆ ಒಣಗದ ಹವೆಯಲ್ಲಿ ಕಾಗದವೂ ಒಣಗುವುದಿಲ್ಲ, ಬಣ್ಣಕ್ಕೆ ಓಡಾಡಲು ಜಾಸ್ತಿ ಹೊತ್ತು ಸಿಗುತ್ತದೆ. ದಯವಿಟ್ಟು ಫ್ಯಾನ್ ಆಫ್ ಮಾಡಿ. ಕಾಗದದ ಕಟ್ಟನ್ನು ಮಾತ್ರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಿ, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ.

"ಇದನ್ನು ಮಕ್ಕಳೂ ಮಾಡ್ತಾರೆ" ಅನ್ನುವವರಿಗೆ ಒಂದು ಮಾತು. ಮಾಡುತ್ತಾರೆ, ಚೆನ್ನಾಗಿಯೂ ಮಾಡುತ್ತಾರೆ. ಆದರೆ ಯಾವಾಗ ಕೈ ಎತ್ತಬೇಕು ಅನ್ನುವುದು ಅಭ್ಯಾಸದಿಂದ ಬರುವುದು. ಉಡುಪಿ ಪಕ್ಕದ ಕಟ್ಟಿಂಗೇರಿಯಿಂದ ಬಂದು ಇಲ್ಲಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖೆ ನೋಡಿ. ನಾಲ್ಕು ಗೆರೆಯಲ್ಲಿ ಕುಣಿತ ಕಣ್ಣೆದುರು ಮೂಡುತ್ತದೆ, ಐದನೆಯದು ಬೇಡ. ಅದೇ ಶಾಲೆಯಲ್ಲಿ ಕಲಿತ ಚಿತ್ರಕಾರ ವಿ.ಎಸ್. ಗಾಯ್ತೊಂಡೆ ಇನ್ನೊಂದು ತುದಿ: ವರ್ಷಕ್ಕೆ ಕೆಲವೇ ಕ್ಯಾನ್ವಾಸ್, ಉಳಿದ ಹೊತ್ತೆಲ್ಲ ಯೋಚನೆ. ತಮ್ಮ ಚಿತ್ರವನ್ನು ಅಮೂರ್ತ ಅಂತ ಕರೆದರೂ ಅವರು ಒಪ್ಪುತ್ತಿರಲಿಲ್ಲ. ನನ್ನ ಅಂಗೈಯಗಲದ ಕಾಗದವನ್ನು ಇವರ ಪಕ್ಕ ಇಡುತ್ತಿಲ್ಲ, ಗಾಬರಿಯಾಗಬೇಡಿ. ಕೈ ಬೇಗ ಓಡಿತು ಅಂದ ಮಾತ್ರಕ್ಕೆ ತಲೆ ಓಡಲಿಲ್ಲ ಅಂತ ಅರ್ಥವಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

ಕೊಳ್ಳಲು ಹೋಗುವವರು ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ, ಒಳಗಿನ ಬಣ್ಣದ್ರವ್ಯದ ಸಂಕೇತ ಅಲ್ಲಿರುತ್ತದೆ. ಅಲ್ಟ್ರಾಮರೀನ್‌ಗೆ ಪಿಬಿ 29, ಥಾಲೋ ಹಸಿರಿಗೆ ಪಿಜಿ 7. 'ವಿರಿಡಿಯನ್ ಹ್ಯೂ' (ಅಂದರೆ ವಿರಿಡಿಯನ್ ಎಂಬ ಹಸಿರಿನ ಹಾಗೆ ಕಾಣುವ ಬಣ್ಣ) ಅಂತ ಇದ್ದರೆ ಒಳಗಿರುವುದು ಸಾಮಾನ್ಯವಾಗಿ ಇದೇ ಪಿಜಿ 7; ನಿಜವಾದ ವಿರಿಡಿಯನ್ ಪಿಜಿ 18, ಅದು ಸೌಮ್ಯ ಬಣ್ಣ. ನಲವತ್ತೆಂಟು ಬಣ್ಣದ ಡಬ್ಬಿ ಕಡೆ ಸುಮ್ನೆ ನೋಡಲೂ ಹೋಗಬೇಡಿ. ಮೂರನೆಯದೊಂದು ಬೇಕೇ ಬೇಕು ಅಂತ ಹಟ ಹಿಡಿದರೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ತೆಗೆದುಕೊಳ್ಳಿ. ಅಲ್ಟ್ರಾಮರೀನ್ ಜೊತೆ ಬೆರೆಸಿದರೆ ಒಳ್ಳೆಯ ಬೂದು ಬರುತ್ತದೆ, ವರ್ಲಿಯ ಮಳೆಗಾಲದ ಸಮುದ್ರಕ್ಕೆ ಅದೇ ಬೇಕು.