ಗಾಜಿನ ತೊಟ್ಟಿಗೆ ತೂತು ಕೊರೆಯುವ ಮುನ್ನ

ಕೇಳುಗರೇ, ನಮಸ್ಕಾರ.

ಮೀನು ಸಾಕುವ ಹವ್ಯಾಸ ಬಲಿತಂತೆ ಹಲವರು ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಇಡುವ ಯೋಚನೆಗೆ ಬರುತ್ತಾರೆ. ಅದೇ ಸಂಪ್. ಮೇಲಿನ ನೀರು ತುಂಬಿ ಹರಿದು ಪೈಪಿನಲ್ಲಿ ಕೆಳಗಿಳಿಯುತ್ತದೆ, ಸಂಪಿನಲ್ಲಿ ಶೋಧಿಸಿಕೊಳ್ಳುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಹೀಟರು, ಫಿಲ್ಟರುಗಳೆಲ್ಲ ಕೆಳಗೆ ಸೇರಿ ಮೇಲೆ ಮೀನು, ಗಿಡ ಮಾತ್ರ ಕಾಣುತ್ತವೆ. ಆದರೆ ಇದಕ್ಕೆಲ್ಲ ಗಾಜಿಗೆ ತೂತು ಕೊರೆಯಬೇಕು ಎಂದಾಗ ಎಂಥವರೂ ಹಿಂದೆ ಮುಂದೆ ನೋಡುತ್ತಾರೆ.

ನನ್ನನ್ನು ಕೇಳಿದರೆ ಕೊರೆಯುವುದು ಅಷ್ಟು ಕಷ್ಟವಲ್ಲ. ಎಲ್ಲಿ ಕೊರೆಯಬೇಕು, ಎಷ್ಟು ಕೊರೆಯಬೇಕು ಎಂಬುದೇ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ. ಪಂಪು ಓಡುತ್ತಿರುವಾಗಿನ ಲೆಕ್ಕವಷ್ಟೇ ಇದಕ್ಕೆ ಸಾಲದು. ಪಂಪು ನಿಂತಾಗ ಏನಾಗುತ್ತದೆ, ಪೈಪು ಕಟ್ಟಿಕೊಂಡಾಗ ಏನಾಗುತ್ತದೆ, ಅದನ್ನು ಮೊದಲು ಯೋಚಿಸಬೇಕು.

ಕರೆಂಟು ಹೋಯಿತು ಎಂದುಕೊಳ್ಳಿ. ಮೇಲಿನ ನೀರು ಹರಿದು ಹೋಗುವ ಬಾಯಿಯ ಮಟ್ಟದವರೆಗೂ ಇಳಿಯುತ್ತದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ನೀರು ಬರೀ 3 ಸೆಂ.ಮೀ. ಇಳಿದರೂ 16 ಲೀಟರಿಗಿಂತ ಹೆಚ್ಚು ಕೆಳಗೆ ಬರುತ್ತದೆ. ಅಷ್ಟು ಜಾಗ ಸಂಪಿನಲ್ಲಿ ಸದಾ ಖಾಲಿ ಇರಲೇಬೇಕು. ಇನ್ನೂ ದೊಡ್ಡ ಅಪಾಯ ರಿಟರ್ನ್ ಪೈಪಿನದು, ಅಂದರೆ ಪಂಪು ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ಪೈಪಿನದು. ಅದರ ತುದಿ ನೀರಿನಲ್ಲಿ 20 ಸೆಂ.ಮೀ. ಆಳದಲ್ಲಿದ್ದರೆ, ಪಂಪು ನಿಂತ ಕೂಡಲೇ ಅದೇ ಪೈಪಿನಲ್ಲಿ ನೀರು ಹಿಮ್ಮುಖವಾಗಿ ಹರಿಯತೊಡಗುತ್ತದೆ. ತುದಿಗೆ ಗಾಳಿ ಸಿಗುವವರೆಗೂ ನಿಲ್ಲುವುದಿಲ್ಲ. ಅದೇ ತೊಟ್ಟಿಯ ಲೆಕ್ಕದಲ್ಲಿ ಅದು ನೂರು ಲೀಟರು ದಾಟುತ್ತದೆ! ಆದ್ದರಿಂದ ರಿಟರ್ನ್ ತುದಿಯನ್ನು ನೀರಿನ ಮೇಲ್ಮೈಗೆ ತೀರ ಹತ್ತಿರ ಇಡಿ. ಪೈಪಿನಲ್ಲಿ ಒಂದು ಸಣ್ಣ ರಂಧ್ರ ಮಾಡಿ ಗಾಳಿ ಎಳೆದುಕೊಳ್ಳುವಂತೆ ಮಾಡುವವರೂ ಇದ್ದಾರೆ. ಒಳ್ಳೆಯ ಉಪಾಯವೇ, ಆದರೆ ಪಾಚಿ ಕಟ್ಟುತ್ತದೆ, ಆಗಾಗ ಬಿಡಿಸುತ್ತಿರಬೇಕು. ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವನ್ನೇ ನಂಬಿ ಕೂರಬೇಡಿ. ಚೂರು ಕಸ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ.

ಇನ್ನು ಕೆಳಗಿಳಿಯುವ ಪೈಪು ಒಂದು ಬಸವನಹುಳು ಇಲ್ಲವೇ ಒಂದು ಎಲೆ ಸಿಕ್ಕಿ ಕಟ್ಟಿಕೊಂಡರೆ? ಪಂಪಿಗೆ ಅದು ಗೊತ್ತಾಗುವುದಿಲ್ಲ, ಅದು ಎತ್ತುತ್ತಲೇ ಇರುತ್ತದೆ. ಹಾಗಾಗಿ ಇಳಿಯುವ ನೀರಿಗೆ ಎರಡು ತೂತುಗಳನ್ನು ಕೊರೆಯಿರಿ. ಎರಡನೆಯದರ ಬಾಯಿ ತುಸು ಎತ್ತರದಲ್ಲಿದ್ದು, ಮಾಮೂಲು ದಿನಗಳಲ್ಲಿ ಒಣಗಿಯೇ ಇರಲಿ. ಈ ಮಾತಿನಲ್ಲಿ ನಾನು ರಾಜಿಯಾಗುವವನಲ್ಲ.

ಜಾಗ ನಿಶ್ಚಯವಾಯಿತೇ? ಈಗ ಗಾಜಿನ ಜಾತಿ ನೋಡಿ. ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ತಟ್ಟನೆ ತಣಿಸಿರುತ್ತಾರೆ. ಅದರ ಹೊರಮೈ ಒತ್ತಿಕೊಂಡಿರುತ್ತದೆ, ಒಳಗು ಎಳೆದುಕೊಂಡಿರುತ್ತದೆ. ಆ ಸಮತೋಲ ತಪ್ಪಿದರೆ ಇಡೀ ಹಲಗೆ ಒಂದೇ ಕ್ಷಣದಲ್ಲಿ ಪುಡಿಪುಡಿ. ಅದನ್ನು ಕೊರೆಯಲು ಆಗುವುದೇ ಇಲ್ಲ. ಪತ್ತೆ ಹಚ್ಚಲು ಸುಲಭದ ದಾರಿ ಇದೆ. ಗಾಜಿನ ಒಂದು ಬದಿಗೆ ಬಿಳಿ ಪರದೆ ತೋರಿಸುವ ಎಲ್‌ಸಿಡಿ ಲ್ಯಾಪ್‌ಟಾಪ್ ಇಡಿ, ಇನ್ನೊಂದು ಬದಿಯಿಂದ ಪೋಲರಾಯ್ಡ್ ತಂಪುಕನ್ನಡಕ ಹಾಕಿ ನೋಡಿ, ತಲೆಯನ್ನು ನಿಧಾನವಾಗಿ ವಾಲಿಸಿ. ಪಟ್ಟೆ, ಚುಕ್ಕೆ, ನೆರಳುಗಳು ಕಂಡರೆ ಅದು ಟಫನ್ಡ್. ಪ್ರತಿ ಹಲಗೆಯನ್ನೂ ಬೇರೆ ಬೇರೆಯಾಗಿ ನೋಡಬೇಕು. ತಳ ಮಾತ್ರ ಟಫನ್ಡ್ ಆಗಿದ್ದು ಬದಿಗಳು ಸಾದಾ ಗಾಜಾಗಿರುವ ತೊಟ್ಟಿಗಳು ಎಷ್ಟೋ ಇವೆ.

ತೂತಿನ ಅಳತೆಯನ್ನು ಪೈಪಿನಿಂದ ತೆಗೆದುಕೊಳ್ಳಬೇಡಿ. ತೂತಿನಲ್ಲಿ ಕೂತು ಪೈಪನ್ನು ಗಾಜಿಗೆ ಸೋರದಂತೆ ಜೋಡಿಸುವ ಬಲ್ಕ್‌ಹೆಡ್ ಫಿಟಿಂಗನ್ನು ಕೈಯಲ್ಲಿ ಹಿಡಿದು ಅಳೆಯಿರಿ. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕಡಿಮೆಯೆಂದರೂ ಆ ತೂತಿನ ಅಗಲದಷ್ಟು ಗಾಜು ಉಳಿಯಲಿ, ಎರಡು ತೂತುಗಳ ನಡುವೆಯೂ ಅಷ್ಟೇ.

ತೊಟ್ಟಿ ಖಾಲಿ ಇರಲಿ, ಕೊರೆಯುವ ಹಲಗೆ ಸಮತಟ್ಟಾಗಿ ಕೆಳಗೆ ಒರಗಿರಲಿ. ಹಿಂಬದಿಗೆ ಟೇಪು ಅಂಟಿಸಿ. ವಜ್ರದ ಹರಳು ಕೂರಿಸಿದ ಹೋಲ್ ಸಾ, ಅಂದರೆ ದುಂಡು ತೂತು ಕೊರೆಯುವ ಕೊಳವೆಯಂಥ ಬಿಟ್ಟು, ಗಾಜನ್ನು ಕತ್ತರಿಸುವುದಿಲ್ಲ, ಸಾಣೆ ಹಿಡಿದ ಹಾಗೆ ಸವೆಸುತ್ತದೆ. ಆದ್ದರಿಂದ ಅವಸರಕ್ಕೆ ಇಲ್ಲಿ ಜಾಗವಿಲ್ಲ. ಡ್ರಿಲ್ಲಿನ ಹ್ಯಾಮರ್ ಗುಂಡಿ ಆಫ್ ಆಗಿರಲಿ, ವೇಗ ಕಡಿಮೆ ಇರಲಿ. ನೀರು ಇರುವ ಕೆಲಸ, ಬ್ಯಾಟರಿ ಡ್ರಿಲ್ಲೇ ಕ್ಷೇಮ. ಬಿಟ್ಟನ್ನು ಓರೆಯಾಗಿ ತಾಗಿಸಿ ಮೊದಲು ಅರ್ಧಚಂದ್ರದಂಥ ಗೀರು ಮೂಡಿಸಿ, ಆಮೇಲೆ ನಿಧಾನವಾಗಿ ನೇರ ಮಾಡಿ. ತೂತಿರುವ ಪ್ಲೈವುಡ್ ತುಂಡನ್ನು ಅಚ್ಚಾಗಿ ಬಿಗಿದುಕೊಂಡರೆ ಇನ್ನೂ ಒಳ್ಳೆಯದು.

ಕೊರೆಯುವ ಜಾಗಕ್ಕೆ ನೀರು ಹಾಕುವುದು ನಿಲ್ಲಬಾರದು. ಒಂದೇ ಜಾಗ ಬಿಸಿಯಾಗಿ ಹಿಗ್ಗಿದರೆ ಗಾಜು ಸೀಳುತ್ತದೆ. ಹಾಲಿನಂಥ ನೀರು ಹೊರಬರುತ್ತಿದ್ದರೆ ಸರಿ. ಒಣ ಬಿಳಿ ಪುಡಿ ಎದ್ದರೆ ಕೂಡಲೇ ನಿಲ್ಲಿಸಿ. ಆ ಪುಡಿ ಶ್ವಾಸಕೋಶಕ್ಕೂ ಕೆಟ್ಟದ್ದು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಡ್ರಿಲ್ಲಿನ ಭಾರವೇ ಸಾಕು, ಮೈಭಾರ ಹಾಕಬೇಡಿ. ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ ಕೈಯ ಒತ್ತಡವನ್ನು ಪೂರ್ತಿ ಸಡಿಲಿಸಿ. ಅಂಚು ಸಿಡಿಯುವುದು ಅಲ್ಲೇ.

ಫಿಟಿಂಗ್ ಕೂರಿಸುವಾಗ ರಬ್ಬರ್ ವಾಷರು ಅಗಲ ಚಾಚಿನ ಬದಿಗೆ, ಸಾಮಾನ್ಯವಾಗಿ ನೀರಿರುವ ಕಡೆಗೆ ಬರುತ್ತದೆ. ಸಿಲಿಕಾನ್ ಬಳಿಯುವುದು ಬೇಡ. ಎಷ್ಟೋ ಫಿಟಿಂಗುಗಳ ನಟ್ಟು ಎಡಮರೆಯದು, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದು, ಬಲವಂತ ಮಾಡುವ ಮುನ್ನ ತಿರುಗಿಸಿ ನೋಡಿ. ಕೈಯಲ್ಲಿ ಬಿಗಿದು, ಮೇಲೆ ಕಾಲು ಸುತ್ತು ಸಾಕು.

ಆಮೇಲೆ ಬರೀ ನೀರು ತುಂಬಿ ಒಂದು ಇಡೀ ದಿನ ಬಿಡಿ. ಸೋರಿದರೆ ನಟ್ಟನ್ನು ಇನ್ನಷ್ಟು ಬಿಗಿಯಲು ಹೋಗಬೇಡಿ, ಬಿಚ್ಚಿ ವಾಷರನ್ನೂ ಗಾಜನ್ನೂ ಒರೆಸಿ ಮತ್ತೆ ಕೂರಿಸಿ. ಸೋರದಿದ್ದರೆ ಪಂಪು ಓಡಿಸಿ, ಪಕ್ಕದಲ್ಲೇ ನಿಂತು ಪ್ಲಗ್ ಕಿತ್ತು ಸಂಪು ಎಲ್ಲಿಯವರೆಗೆ ತುಂಬುತ್ತದೆ ಎಂದು ಗುರುತು ಹಾಕಿ. ಮತ್ತೆ ಓಡಿಸಿ ಮೊದಲ ಪೈಪಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಎರಡನೆಯ ಪೈಪು ಅಷ್ಟೂ ನೀರನ್ನು ಹೊರುತ್ತದೆಯೇ ನೋಡಿ. ಹೊರಲಿಲ್ಲವೆಂದರೆ ಪಂಪಿನ ಹರಿವು ತಗ್ಗಿಸಿ, ಮೀನು ಬಿಡುವುದು ಅದಾದ ಮೇಲೆ.

ನಮಸ್ಕಾರ.