ವಿಸ್ಕಿ ಬಿಡಿ, ಬಾಟ್ಲಿ ನೋಡಿ

ನಮಸ್ಕಾರ ಕೇಳುಗರೇ. ನಮ್ಮ ಕುಂಬಳೆ, ಮಂಜೇಶ್ವರ ಕಡೆ ಗಲ್ಫಿನಿಂದ ಬಂದ ಚಂದದ ಬಾಟ್ಲಿಯನ್ನು ಸುಮ್ನೆ ಬಿಸಾಡುವವರು ಕಡಿಮೆ. ನೀರು ತುಂಬಿಸಿ, ಮನಿಪ್ಲಾಂಟ್ ಇಟ್ಟು ಕಿಟಕಿಯಲ್ಲಿ ನಿಲ್ಲಿಸುತ್ತಾರೆ. ನಾನಿವತ್ತು ಹೇಳಹೊರಟದ್ದು ಆ ಗಾಜಿನ ಕೆಲಸದ ಬಗ್ಗೆ.

ವಿಸ್ಕಿ ಹದವಾಗುವುದು ಓಕ್ ಮರದ ಪೀಪಾಯಿಯಲ್ಲಿ. ಬಾಟ್ಲಿಗೆ ಇಳಿದ ಮೇಲೆ ಅದರ ವಯಸ್ಸು ಅಲ್ಲಿಗೇ ನಿಂತಿತು. ಮತ್ತೆ ಇಷ್ಟು ದುಬಾರಿ ಗಾಜು ಯಾಕೆ? ಅಪರೂಪದ ವಿಸ್ಕಿ ಸಂಗ್ರಹಿಸುವವರು ಎಷ್ಟೋ ಸಲ ಅದರ ಮುಚ್ಚಳ ತೆಗೆಯುವುದೇ ಇಲ್ಲ. ಅವರ ಕಣ್ಣಿಗೆ ಬೀಳುವುದು ಬಾಟ್ಲಿ ಮಾತ್ರ.

2010ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 64 ವರ್ಷದ ಮೆಕಾಲನ್ ವಿಸ್ಕಿಯ ಒಂದು ಬಾಟ್ಲಿ 4,60,000 ಡಾಲರಿಗೆ ಹೋಯಿತು. ಹಣ ಹೋದದ್ದು ಬಡ ಊರುಗಳಿಗೆ ಕುಡಿಯುವ ನೀರು ಕೊಡಿಸುವ ಸಂಸ್ಥೆಗೆ, ಅದು ನನಗೆ ತುಂಬಾ ಇಷ್ಟವಾದ ಸಂಗತಿ. ಬಾಟ್ಲಿ ಮಾಡಿದ್ದು ಫ್ರಾನ್ಸಿನ ಗಾಜಿನ ಕಂಪೆನಿ ಲಾಲಿಕ್. ಮೊದಲು ಮೇಣದಲ್ಲಿ ರೂಪ ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ಹೊರಗೆ ಬಿಟ್ಟು, ಆ ಖಾಲಿ ಜಾಗಕ್ಕೆ ಗಾಜು ತುಂಬುವ ವಿಧಾನ ಅದು. ಪಯ್ಯನ್ನೂರು ಹತ್ತಿರದ ಕುಂಞಿಮಂಗಲದಲ್ಲಿ ಕಂಚಿನ ವಿಗ್ರಹ ಎರಕ ಹೊಯ್ಯುವವರದ್ದೂ ಇದೇ ದಾರಿ. ಅಚ್ಚು ಒಡೆದರೇ ವಸ್ತು ಹೊರಗೆ ಬರುವುದು, ಹಾಗಾಗಿ ಅದೇ ಅಚ್ಚಿನಲ್ಲಿ ಎರಡನೆಯದು ಹುಟ್ಟುವುದಿಲ್ಲ.

ಆದರೆ ನಿಜವಾದ ತಾಳ್ಮೆ ಬೇಕಾಗುವುದು ಆಮೇಲೆ. ದಪ್ಪ ಗಾಜು ಬೇಗ ಆರಿದರೆ ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗೆ ಬಿಗಿತ ಉಳಿದುಬಿಡುತ್ತದೆ, ಮುಂದೆ ಯಾವಾಗಲೋ ತನ್ನಷ್ಟಕ್ಕೆ ಬಿರುಕು ಬಿಡಬಹುದು. ಅದಕ್ಕೇ ಸುಮಾರು 500 ಡಿಗ್ರಿ ಬಿಸಿ ಇರುವ ಗೂಡಿನಲ್ಲಿಟ್ಟು ನಿಧಾನಕ್ಕೆ ಆರಿಸುತ್ತಾರೆ. ಬುಡ ದಪ್ಪ ಇದ್ದಷ್ಟೂ ಹೊತ್ತು ಜಾಸ್ತಿ.

ಇನ್ನು ಬಿರಡೆ. ಕೈಯಿಂದ ಮಾಡಿದ ಒಳ್ಳೆ ಬಾಟ್ಲಿಯಲ್ಲಿ ಗಾಜಿನ ಬಿರಡೆಯನ್ನು ಅದೇ ಬಾಟ್ಲಿಯ ಕೊರಳಿಗೆ ಹೊಂದುವ ಹಾಗೆ ಉಜ್ಜಿರುತ್ತಾರೆ. ಪಕ್ಕದ ಬಾಟ್ಲಿಯದ್ದು ಹಾಕಿದರೆ ಸರಿಯಾಗಿ ಕೂರದು. ಕಸುಬಿನವರ ಕೈ ನನಗೆ ಕಾಣುವುದು ಅಲ್ಲೇ, ಕೆತ್ತನೆಯಲ್ಲಲ್ಲ.

ಒಂದು ಎಚ್ಚರಿಕೆ. ಹಳೆಯ ಕ್ರಿಸ್ಟಲ್ ಗಾಜಿನಲ್ಲಿ ಸೀಸ ಇರುತ್ತದೆ. ಫಳಫಳ ಹೊಳೆಯುವುದು, ಕೆತ್ತಲು ಮೆತ್ತಗಿರುವುದು ಅದರಿಂದಲೇ. ಮದ್ಯವಾಗಲಿ, ಹುಳಿ ಶರಬತ್ತಾಗಲಿ ತಿಂಗಳುಗಟ್ಟಲೆ ಒಳಗಿದ್ದರೆ ಸೀಸ ಅದಕ್ಕೆ ಇಳಿಯುತ್ತದೆ. ಈಗ ಸೀಸದ ಬದಲು ಬೇರಿಯಂ, ಸತು ಸೇರಿಸಿದ ಕ್ರಿಸ್ಟಲ್ಲೂ ಬಂದಿದೆ. ನಿಮ್ಮ ಮನೆಯದ್ದು ಯಾವುದೆಂದು ಗೊತ್ತಿಲ್ಲದಿದ್ದರೆ ಮನಿಪ್ಲಾಂಟಿಗೇ ಇರಲಿ, ಲಿಂಬೆ ಶರಬತ್ತು ಮಾತ್ರ ತುಂಬಿಸಿಡಬೇಡಿ.